ಉತ್ತರ ಕೊರಿಯಾದ ಕ್ಷಿಪಣಿಗಳು: ಮೂರು ಎಂಜಿನ್‌ಗಳ ಚರಿತ್ರೆ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಉತ್ತರ ಕೊರಿಯಾ ಕ್ಷಿಪಣಿ ಹಾರಿಸಿದ ಸುದ್ದಿ ಬಂದಾಗಲೆಲ್ಲ ಒಂದು ವಾದ ಏಳುತ್ತದೆ. ಅದೆಲ್ಲ ರಷ್ಯಾದ್ದೋ ಚೀನಾದ್ದೋ ಮಾಲು, ಬಣ್ಣ ಬಳಿದು ಮೆರವಣಿಗೆ ಮಾಡುತ್ತಾರೆ ಎನ್ನುತ್ತಾರೆ ಕೆಲವರು. ಅಷ್ಟು ಬಡ ದೇಶ ಯಾರ ಹಂಗೂ ಇಲ್ಲದೆ ಖಂಡಾಂತರ ಕ್ಷಿಪಣಿ ಕಟ್ಟಿತು ನೋಡಿ ಎನ್ನುತ್ತಾರೆ ಇನ್ನು ಕೆಲವರು. ಹಾರಾಟಗಳ ದಾಖಲೆಯನ್ನು ಮುಂದಿಟ್ಟುಕೊಂಡು ಕೂತರೆ ಈ ಎರಡು ಮಾತೂ ನಿಲ್ಲುವುದಿಲ್ಲ. ಹೊರಗಿನಿಂದ ಏನು ಬಂತು, ಯಾವಾಗ ಬಂತು, ಬಂದದ್ದನ್ನು ಪಳಗಿಸಿಕೊಳ್ಳಲು ಎಷ್ಟು ವರ್ಷ ಹಿಡಿಯಿತು, ಯಾವುದು ಕೊನೆಗೂ ಪಳಗಲಿಲ್ಲ ಎಂದು ಬಿಡಿಬಿಡಿಯಾಗಿ ಕೇಳಬೇಕಾಗುತ್ತದೆ. ಹಾಗೆ ಕೇಳಲು ಇರುವ ಅತ್ಯುತ್ತಮ ದಾರಿ ಎಂಜಿನ್‌ನ ಬೆನ್ನು ಹತ್ತುವುದು.

ಎಂಜಿನ್ನೇ ಯಾಕೆ? ಕ್ಷಿಪಣಿಯ ಹೊರಮೈ ಎಂದರೆ ತೆಳು ಲೋಹದ ಕೊಳವೆ. ಅದರ ಉದ್ದ ಹೆಚ್ಚಿಸಬಹುದು, ಮೂತಿ ಬದಲಿಸಬಹುದು, ರೆಕ್ಕೆ ತೆಗೆಯಬಹುದು. ಮೆರವಣಿಗೆಗೆ ತಗಡಿನ ಮಾದರಿಯೂ ಸಾಕು. 2012ರ ಏಪ್ರಿಲ್ 15ರಂದು ಪ್ಯಾಂಗ್ಯಾಂಗ್‌ನಲ್ಲಿ ಮೊದಲ ಬಾರಿ ಕಾಣಿಸಿದ ದೊಡ್ಡ ಕ್ಷಿಪಣಿಗಳು ಹಾಗೆಯೇ ಇದ್ದವು. ಒಂದೇ ಮಾದರಿಯ ಆರು ಕ್ಷಿಪಣಿಗಳಲ್ಲಿ ತಂತಿ ಹಾಯಿಸುವ ಕೊಳವೆಯ ಜಾಗ, ಮುಚ್ಚಳಗಳ ಜಾಗ ಒಂದರಂತೆ ಇನ್ನೊಂದರಲ್ಲಿ ಇರಲಿಲ್ಲ. ಫೋಟೊ ಹಿಗ್ಗಿಸಿ ನೋಡಿದ ಪರಿಣತರು ಅದನ್ನು ಕೂಡಲೇ ಗುರುತಿಸಿದರು. ಎಂಜಿನ್‌ನಲ್ಲಿ ಹೀಗೆ ಆಟ ಆಡಲು ಆಗುವುದಿಲ್ಲ. ದ್ರವ ಇಂಧನದ ಹೊಸ ಎಂಜಿನ್ ಒಂದನ್ನು ಶೂನ್ಯದಿಂದ ಕಟ್ಟಿ, ನೆಲದ ಮೇಲೆ ಉರಿಸಿ, ನಂಬಿಕೆಗೆ ಯೋಗ್ಯ ಮಾಡಲು ದೊಡ್ಡ ದೇಶಗಳಿಗೇ ಹತ್ತಿರ ಹತ್ತಿರ ಒಂದು ದಶಕ ಹಿಡಿದಿದೆ. ಆದ್ದರಿಂದ ಯಾವುದೇ ದೇಶದ ಕೈಯಲ್ಲಿ ಹೊಸ ಎಂಜಿನ್ ದಿಢೀರನೆ ಕಂಡರೆ, ಅದಕ್ಕೆ ಹಿಂದೆ ಎಲ್ಲೋ ಒಂದು ತವರುಮನೆ ಇದೆ ಎಂದೇ ಹುಡುಕಬೇಕು.

ಉತ್ತರ ಕೊರಿಯಾದ ದ್ರವ ಇಂಧನದ ಕ್ಷಿಪಣಿಗಳೆಲ್ಲ ಮೂರು ಎಂಜಿನ್ ಕುಟುಂಬಗಳಲ್ಲಿ ಅಡಗುತ್ತವೆ. ಮೂರೂ ಸೋವಿಯತ್ ಮೂಲದವು. ಒಂದನ್ನು ಅವರು ಚೆನ್ನಾಗಿ ಕಲಿತರು, ಒಂದರಲ್ಲಿ ಸೋತರು, ಮೂರನೆಯದು ಅವರನ್ನು ಅಮೆರಿಕದ ತನಕ ಕೊಂಡೊಯ್ಯುವ ಶಕ್ತಿ ಕೊಟ್ಟಿತು.

ಸ್ಕಡ್

ಮೊದಲನೆಯದು ಸ್ಕಡ್-ಬಿ. ಸೋವಿಯತ್ ಹೆಸರು ಆರ್-17. ಮಕೆಯೆವ್ ವಿನ್ಯಾಸ ಸಂಸ್ಥೆ ರೂಪಿಸಿದ, 1962ರಲ್ಲಿ ಸೇನೆಗೆ ಸೇರಿದ ಕ್ಷಿಪಣಿ. ಸುಮಾರು 11 ಮೀಟರ್ ಉದ್ದ, 88 ಸೆಂಟಿಮೀಟರ್ ವ್ಯಾಸ, ಉಡಾವಣೆಯ ಹೊತ್ತಿಗೆ ಆರು ಟನ್ನಿಗೆ ತುಸು ಕಡಿಮೆ ತೂಕ. ಒಂದು ಟನ್ನಿನ ಸಿಡಿತಲೆಯನ್ನು 300 ಕಿ.ಮೀ. ದೂರಕ್ಕೆ ಒಯ್ಯುತ್ತದೆ. ಅಲೆಕ್ಸಿ ಇಸಾಯೆವ್ ಅವರ ತಂಡ ರೂಪಿಸಿದ ಎಂಜಿನ್ ಸುಮಾರು 13 ಟನ್ ನೂಕುಬಲ ಕೊಡುತ್ತದೆ. ಇಂಧನ ಸೀಮೆಎಣ್ಣೆಯ ಜಾತಿಯದು. ಅದನ್ನು ಉರಿಸಲು ಬೇಕಾದ ಆಮ್ಲಜನಕ ಬರುವುದು ಹೊಗೆಯಾಡುವ ನೈಟ್ರಿಕ್ ಆಮ್ಲದಿಂದ. ಇವೆರಡನ್ನೂ ಮಾಮೂಲಿ ತಾಪಮಾನದಲ್ಲೇ ಇಟ್ಟುಕೊಳ್ಳಬಹುದು ಎಂಬುದೇ ಸ್ಕಡ್‌ನ ದೊಡ್ಡ ಅನುಕೂಲ. ಆಮ್ಲ ಮಾತ್ರ ಲೋಹವನ್ನೂ ತಿನ್ನುತ್ತದೆ, ಸಿಬ್ಬಂದಿಯ ಶ್ವಾಸಕೋಶವನ್ನೂ ತಿನ್ನುತ್ತದೆ.

ದಿಕ್ಕು ತಿದ್ದಲು ಎಂಜಿನ್‌ನ ಬಾಯಿಯಲ್ಲಿ, ಉರಿಯುವ ಅನಿಲದ ನಡುವೆಯೇ, ಗ್ರಾಫೈಟ್‌ನ ನಾಲ್ಕು ಅಲಗುಗಳಿವೆ. ಈ ಪದ್ಧತಿ ಜರ್ಮನಿಯ ವಿ-2ರಿಂದ ಬಂದದ್ದು. ಸ್ಕಡ್ ಒಂದು ನಿಮಿಷದ ಆಸುಪಾಸು ಉರಿದು ಆರಿಹೋಗುತ್ತದೆ, ಉಳಿದ ದಾರಿಯನ್ನು ಎಸೆದ ಕಲ್ಲಿನ ಹಾಗೆ ಕ್ರಮಿಸುತ್ತದೆ. ಇಂಥ ಅಸ್ತ್ರದಿಂದ ಸೇತುವೆಗೆ ಗುರಿ ಇಡಲು ಆಗುವುದಿಲ್ಲ, ಊರಿಗೆ ಗುರಿ ಇಡಬಹುದು. ಇರಾನ್–ಇರಾಕ್ ಯುದ್ಧದ ಕೊನೆಯ ವರ್ಷ ಟೆಹರಾನ್ ಮತ್ತು ಬಾಗ್ದಾದ್‌ನ ಜನ ಅದನ್ನು ಅನುಭವಿಸಿದರು.

ಉತ್ತರ ಕೊರಿಯಾಕ್ಕೆ ಮೊದಲು ಸ್ಕಡ್ ಕೊಟ್ಟದ್ದು ಸೋವಿಯತ್ ಒಕ್ಕೂಟವಲ್ಲ, ಈಜಿಪ್ಟ್. ಇಸ್ರೇಲ್ ವಿರುದ್ಧದ 1973ರ ಯುದ್ಧದಲ್ಲಿ ಉತ್ತರ ಕೊರಿಯಾದ ಪೈಲಟ್‌ಗಳು ಈಜಿಪ್ಟ್ ಪರ ಹಾರಿದ್ದರು. ಆ ಸ್ನೇಹದ ಮೇಲೆ, 1970ರ ದಶಕದ ಉತ್ತರಾರ್ಧದಿಂದ 1981ರೊಳಗೆ, ಕೆಲವು ಸ್ಕಡ್‌ಗಳೂ ಅವುಗಳ ವಾಹನಗಳೂ ಪ್ಯಾಂಗ್ಯಾಂಗ್ ಸೇರಿದವು. 1984ರ ಏಪ್ರಿಲ್‌ನಲ್ಲಿ ಈಶಾನ್ಯ ಕರಾವಳಿಯ ಮುಸುಡಾನ್-ರಿ ಎಂಬಲ್ಲಿಂದ ಮೊದಲ ಸ್ವದೇಶಿ ಪ್ರತಿ ಹಾರಿತು. ಹೆಸರು ಹ್ವಾಸೊಂಗ್-5. ಅದಕ್ಕೂ ಮುಂಚೆ ಚೀನಾದ ಜೊತೆ ಸೇರಿ ಡಿಎಫ್-61 ಎಂಬ ಕ್ಷಿಪಣಿ ಮಾಡುವ ಯೋಜನೆ ಇತ್ತು. ಚೀನಾದ ಒಳರಾಜಕೀಯದಲ್ಲಿ ಅದು 1978ರ ಹೊತ್ತಿಗೆ ಮುರಿದುಬಿತ್ತು.

ಇಲ್ಲಿ ಒಂದು ಗಂಭೀರ ವಾದ ಇದೆ. ಮೂವತ್ತು ವರ್ಷವಾದರೂ ಅದು ಮುಗಿದಿಲ್ಲ. ಉತ್ತರ ಕೊರಿಯಾದ ಸೇನೆಯ ಬಗ್ಗೆ ಬರೆಯುವ ಅಮೆರಿಕದ ಜೋಸೆಫ್ ಬರ್ಮುಡೆಜ್ ಮೊದಲಾದವರು ಹೇಳುವ ಪ್ರಕಾರ ಉತ್ತರ ಕೊರಿಯಾದವರು ಈಜಿಪ್ಟ್‌ನಿಂದ ಬಂದ ಸ್ಕಡ್‌ಗಳನ್ನು ಬಿಚ್ಚಿ, ಅಳೆದು, ತಾವೇ ಮಾಡಿದರು. ಜರ್ಮನಿಯ ರಾಕೆಟ್ ತಜ್ಞರಾದ ರಾಬರ್ಟ್ ಶ್ಮುಕರ್ ಮತ್ತು ಮಾರ್ಕಸ್ ಶಿಲ್ಲರ್ ಇದನ್ನು ಒಪ್ಪುವುದಿಲ್ಲ. ಬೆರಳೆಣಿಕೆಯ ಪರೀಕ್ಷೆಗಳಲ್ಲಿ ಇಡೀ ಎಂಜಿನ್‌ನ ನಕಲು ಗಟ್ಟಿಯಾಗಿ ಕೈಗೆ ಹತ್ತುವುದು ಜಗತ್ತಿನಲ್ಲಿ ಎಲ್ಲೂ ಆಗಿಲ್ಲ, ಆದ್ದರಿಂದ ಮುಖ್ಯ ಭಾಗಗಳು, ಬಹುಶಃ ಇಡೀ ಕ್ಷಿಪಣಿಗಳೇ, ಸೋವಿಯತ್ ದಾಸ್ತಾನಿನಿಂದ ಬಂದಿರಬೇಕು ಎಂಬುದು ಅವರ ವಾದ.

ಈ ಎರಡನೆಯ ವಾದದ ಬಲ ತಿಳಿಯಬೇಕಾದರೆ ನಕಲು ಮಾಡುವುದರ ಕಷ್ಟ ತಿಳಿಯಬೇಕು. ಕಂಚಿನ ಗಂಟೆಯೊಂದರ ಅಳತೆ ಕೂದಲೆಳೆ ತಪ್ಪದಂತೆ ತೆಗೆದು ಇನ್ನೊಂದನ್ನು ಎರಕ ಹೊಯ್ದರೂ ಅದೇ ನಾದ ಬರುತ್ತದೆಂಬ ಖಾತ್ರಿಯಿಲ್ಲ. ಎಂಜಿನ್ನೂ ಹಾಗೆಯೇ. ದಹನ ಕೊಠಡಿಗೆ ಇಂಧನ ಚಿಮ್ಮಿಸುವ ತಟ್ಟೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಒಂದು ರಂಧ್ರದ ಅಳತೆ ಸಿಗುತ್ತದೆ. ಅದರಲ್ಲಿ ಎಷ್ಟು ಹೆಚ್ಚು-ಕಡಿಮೆಯನ್ನು ಮೂಲ ವಿನ್ಯಾಸಕಾರ ಒಪ್ಪಿದ್ದ ಎಂಬುದು ಆ ಲೋಹದ ತುಂಡಿನಲ್ಲಿ ಬರೆದಿರುವುದಿಲ್ಲ. ಮಿಶ್ರಲೋಹದ ಘಟಕಗಳು ಪ್ರಯೋಗಾಲಯದಲ್ಲಿ ಗೊತ್ತಾಗುತ್ತವೆ. ಅದನ್ನು ಯಾವ ಕ್ರಮದಲ್ಲಿ ಕಾಯಿಸಿ ತಣಿಸಿದರು ಎಂಬುದನ್ನು ಊಹಿಸಬೇಕು. ಬೆಸುಗೆ ಕೆಟ್ಟಿದೆಯೇ ಎಂದು ಕಾರ್ಖಾನೆಯಲ್ಲಿ ಹೇಗೆ ಪರೀಕ್ಷಿಸುತ್ತಿದ್ದರು ಎಂಬುದೂ ಕಾಣುವುದಿಲ್ಲ. ತಪ್ಪಿದರೆ ಕೊಠಡಿಯಲ್ಲಿ ಒತ್ತಡ ಏರುಪೇರಾಗಿ, ಕ್ಷಣದ ಒಂದು ಭಾಗದಲ್ಲಿ ಎಂಜಿನ್ ಸೀಳಿಹೋಗುತ್ತದೆ. ಯಾಕೆ ಸೀಳಿತು ಎಂದು ತಿಳಿಯಲು ಇನ್ನಷ್ಟು ಎಂಜಿನ್‌ಗಳನ್ನು ಉರಿಸಬೇಕು.

ನನ್ನ ಅಭಿಪ್ರಾಯ ಇಷ್ಟು: 1980ರ ದಶಕದ ಮಟ್ಟಿಗೆ ಶಿಲ್ಲರ್ ವಾದಕ್ಕೆ ಹೆಚ್ಚು ತೂಕವಿದೆ, ಇವತ್ತಿಗೆ ಅದನ್ನು ಹಾಗೆಯೇ ಹೊದಿಸಲು ಬರುವುದಿಲ್ಲ. ಆಗ ಹೊರಗಿನ ಭಾಗ ಕೊಂಡು ಜೋಡಿಸಿದವರ ಮಕ್ಕಳು ಈಗ ಅದೇ ಕಾರ್ಖಾನೆಗಳಲ್ಲಿ ನಲವತ್ತು ವರ್ಷದ ಅನುಭವದ ಮೇಲೆ ಕೂತಿದ್ದಾರೆ.

ಹಣ ಇರಾನಿನಿಂದ ಬಂತು. 1987–88ರಲ್ಲಿ ಸುಮಾರು ನೂರು ಕ್ಷಿಪಣಿಗಳು ಇರಾನಿಗೆ ಹೋದವು. ಅವೇ ಬಾಗ್ದಾದ್ ಮೇಲೆ ಬಿದ್ದವು. ಪ್ಯಾಂಗ್ಯಾಂಗ್‌ಗೆ ಇದರಲ್ಲಿ ದುಡ್ಡಿನ ಜೊತೆ ಯುದ್ಧದ ಅನುಭವವೂ ಸಿಕ್ಕಿತು, ತಾನು ಯುದ್ಧಕ್ಕೆ ಇಳಿಯದೆ. ಮುಂದೆ ಸಿಡಿತಲೆಯ ತೂಕ ಇಳಿಸಿ, ಟ್ಯಾಂಕ್‌ಗಳಿಗೆ ಹೆಚ್ಚು ಜಾಗ ಮಾಡಿ 500 ಕಿ.ಮೀ. ಹೋಗುವ ಹ್ವಾಸೊಂಗ್-6 ತಂದರು. ಎಂಜಿನ್ ಅದೇ.

ನೊಡೊಂಗ್ ಮತ್ತು ಕಾಂಡ್ಲಾ ಬಂದರು

500 ಕಿ.ಮೀ. ಸಾಲದು, ಜಪಾನ್ ಮುಟ್ಟಬೇಕು. ಅದಕ್ಕೆ ಬಂದದ್ದು ನೊಡೊಂಗ್. ಸ್ಕಡ್‌ನ ವಿನ್ಯಾಸವನ್ನೇ ಹಿಗ್ಗಿಸಿದಂತಿರುವ ಕ್ಷಿಪಣಿ: ವ್ಯಾಸ 1.25 ಮೀಟರ್, ಉದ್ದ ಸುಮಾರು 16 ಮೀಟರ್, ನೂಕುಬಲ ಹೆಚ್ಚುಕಡಿಮೆ 27 ಟನ್, ಅಂದರೆ ಸ್ಕಡ್‌ನ ಎರಡು ಪಟ್ಟು. ಅದೇ ಸೀಮೆಎಣ್ಣೆ, ಅದೇ ಆಮ್ಲ, ಅದೇ ಗ್ರಾಫೈಟ್ ಅಲಗು. ಮುಕ್ಕಾಲು ಟನ್ ಹೊತ್ತು 1,300 ಕಿ.ಮೀ. ಹೋಗುತ್ತದೆ.

ಇದರ ಪರೀಕ್ಷೆಯ ದಾಖಲೆ ನೋಡಿ. 1990ರ ಮೇ ತಿಂಗಳಲ್ಲಿ ಉಡಾವಣಾ ಜಾಗ ಸುಟ್ಟು ಕಪ್ಪಾದದ್ದು ಉಪಗ್ರಹ ಚಿತ್ರದಲ್ಲಿ ಕಂಡಿತು. 1993ರ ಮೇ ಕೊನೆಯಲ್ಲಿ ಒಂದು ಹಾರಾಟ, ಸುಮಾರು 500 ಕಿ.ಮೀ. ಆಮೇಲೆ 2006ರ ತನಕ ಸ್ವಂತ ನೆಲದಿಂದ ಒಂದೂ ಇಲ್ಲ. ಹೆಚ್ಚುಕಡಿಮೆ ಒಂದೇ ಹಾರಾಟದ ಬಲದ ಮೇಲೆ ಈ ಕ್ಷಿಪಣಿ ಎರಡು ದೇಶಗಳಿಗೆ ಮಾರಾಟವಾಯಿತು. ಪಾಕಿಸ್ತಾನ 1998ರ ಏಪ್ರಿಲ್ 6ರಂದು ಅದನ್ನು ಘೌರಿ ಎಂಬ ಹೆಸರಿನಲ್ಲಿ ಹಾರಿಸಿತು, ಇರಾನ್ ಅದೇ ಜುಲೈನಲ್ಲಿ ಶಹಾಬ್-3 ಎಂದು ಹಾರಿಸಿತು. ಪರೀಕ್ಷೆಗಳ ಖರ್ಚು ಮತ್ತು ಅಪಾಯ ಕೊಂಡವರ ಪಾಲಿಗೆ ಹೋಯಿತು. ಪಾಠ ಮಾತ್ರ ಮೂವರಲ್ಲೂ ಹಂಚಿಹೋಗಿರುತ್ತದೆ.

ಪಾಕಿಸ್ತಾನ ಬೆಲೆಯನ್ನು ಹೇಗೆ ತೆತ್ತಿತು ಎಂಬುದು ಇನ್ನೂ ದೊಡ್ಡ ವಿಷಯ. ಪಾಕಿಸ್ತಾನದ ಅಣುವಿಜ್ಞಾನಿ ಎ.ಕ್ಯು. ಖಾನ್, ಯುರೇನಿಯಂ ಅನ್ನು ಅಣುಬಾಂಬಿಗೆ ತಕ್ಕಂತೆ ಸಾಂದ್ರಗೊಳಿಸುವ ಸುಮಾರು ಎರಡು ಡಜನ್ ಸೆಂಟ್ರಿಫ್ಯೂಜ್ ಯಂತ್ರಗಳನ್ನು ಉತ್ತರ ಕೊರಿಯಾಕ್ಕೆ ಕಳಿಸಿದ್ದರೆಂದು ಪರ್ವೇಜ್ ಮುಷರಫ್ 2006ರಲ್ಲಿ ಸ್ವತಃ ಬರೆದರು. ಕ್ಷಿಪಣಿಗೆ ಹಣ ಕೊಟ್ಟೆವು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬುದು ಪಾಕಿಸ್ತಾನದ ಅಧಿಕೃತ ನಿಲುವು. ಅದೇನೇ ಇರಲಿ, ಈ ಕ್ಷಿಪಣಿಯ ವ್ಯಾಪ್ತಿ ನಮಗೂ ಸಂಬಂಧಪಟ್ಟದ್ದು. ಕರಾಚಿಯಿಂದ ಬೆಳಗಾವಿಗೆ ನೇರ ಗೆರೆ ಎಳೆದರೆ 1,300 ಕಿ.ಮೀ.ಗೆ ಸ್ವಲ್ಪ ಕಡಿಮೆ. ಬೆಂಗಳೂರಿಗೆ 1,700 ದಾಟುತ್ತದೆ. ನೊಡೊಂಗ್‌ನ ಮೂಲರೂಪ ಕರ್ನಾಟಕದ ವಾಯವ್ಯ ಅಂಚನ್ನು ಮುಟ್ಟಿ ನಿಲ್ಲುತ್ತದೆ. ಅದರಾಚೆಗೆ ಬರುವುದು ಚೀನಾದ ನೆರವಿನ ಬೇರು ಇರುವ ಶಾಹೀನ್ ಸಾಲಿನ ಘನ ಇಂಧನದ ಕ್ಷಿಪಣಿಗಳಿಂದ. ಅದು ಬೇರೆಯೇ ವಂಶ, ಇವತ್ತು ಅದರೊಳಗೆ ಹೋಗುವುದಿಲ್ಲ.

ಈ ವ್ಯಾಪಾರ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಅತ್ಯಂತ ಗಟ್ಟಿ ಸಾಕ್ಷ್ಯ ಸಿಕ್ಕಿದ್ದು ಭಾರತದಲ್ಲೇ. 1999ರ ಜೂನ್ ಕೊನೆ, ಕಾರ್ಗಿಲ್ ಯುದ್ಧ ನಡೆಯುತ್ತಿರುವಾಗ, ಕು ವೊಲ್ ಸಾನ್ ಎಂಬ ಉತ್ತರ ಕೊರಿಯಾದ ಹಡಗು ಗುಜರಾತಿನ ಕಾಂಡ್ಲಾ ಬಂದರಿಗೆ ಸಕ್ಕರೆ ಇಳಿಸಲು ಬಂತು. ಕಸ್ಟಮ್ಸ್ ಅಧಿಕಾರಿಗಳು ಒಳಗೆ ಹೋಗಲು ನೋಡಿದಾಗ ಹಡಗಿನವರು ಕೈಮಾಡಿ ತಡೆದರು. ನೀರು ಶುದ್ಧೀಕರಣದ ಉಪಕರಣ ಎಂದು ಬರೆದ ಪೆಟ್ಟಿಗೆಗಳಲ್ಲಿ ಇದ್ದದ್ದು ಕ್ಷಿಪಣಿಯ ಬಿಡಿಭಾಗ, ಲೋಹ ಕೊರೆಯುವ ಯಂತ್ರಗಳು ಮತ್ತು ಸ್ಕಡ್ ಜಾತಿಯ ಕ್ಷಿಪಣಿಗಳ ನಕ್ಷೆಗಳು. ಡಿಆರ್‌ಡಿಒದ ತಜ್ಞರು ಬಂದು ಗುರುತಿಸಿದರು. ಸರಕು ಪಾಕಿಸ್ತಾನಕ್ಕೆ ಎಂದು ಮೊದಲು ಅಂದುಕೊಂಡರು, ಆಮೇಲೆ ಲಿಬಿಯಾಕ್ಕೆ ಹೊರಟಿತ್ತು ಎಂಬ ಅಭಿಪ್ರಾಯ ಬಲವಾಯಿತು.

ಈ ಪಟ್ಟಿಯ ಅರ್ಥವನ್ನು ಸರಿಯಾಗಿ ಗಮನಿಸಬೇಕು. ಕ್ಷಿಪಣಿ ಮಾರುವುದು ಒಂದು ಹಂತ. ಯಂತ್ರ, ನಕ್ಷೆ, ಬಿಡಿಭಾಗ ಮೂರನ್ನೂ ಕಟ್ಟಿ ಕಳಿಸುವುದೆಂದರೆ ಕಾರ್ಖಾನೆಯನ್ನೇ ಮಾರಿದ ಹಾಗೆ. ಇಪ್ಪತ್ತು ವರ್ಷದ ಹಿಂದೆ ಈಜಿಪ್ಟ್‌ನ ಮುಂದೆ ಕೈಚಾಚಿದ್ದ ದೇಶ ಅಷ್ಟು ಹೊತ್ತಿಗೆ ತಾನೇ ದಾನಿಯಾಗಿತ್ತು.

ಸಮುದ್ರದಿಂದ ಎತ್ತಿದ ಟ್ಯಾಂಕ್

ಒಂದೇ ಎಂಜಿನ್ ಗೊತ್ತಿರುವವರು ದೊಡ್ಡ ರಾಕೆಟ್ ಕಟ್ಟುವುದು ಹೇಗೆ? ಇರುವುದನ್ನೇ ಗುಂಪು ಕಟ್ಟಬೇಕು, ಒಂದರ ಮೇಲೊಂದು ಏರಿಸಬೇಕು. 1998ರ ಆಗಸ್ಟ್ 31ರಂದು ಜಪಾನ್ ಮೇಲೆ ಹಾದುಹೋದ ಟೇಪೊಡೊಂಗ್-1ರಲ್ಲಿ ಕೆಳಗೆ ನೊಡೊಂಗ್, ಅದರ ಮೇಲೆ ಸ್ಕಡ್ ಮೂಲದ ಹಂತ, ತುದಿಯಲ್ಲಿ ಘನ ಇಂಧನದ ಪುಟ್ಟ ಮೋಟಾರ್ ಇತ್ತು. ಉಪಗ್ರಹ ಕಕ್ಷೆ ಸೇರಿತೆಂದು ಅವರು ಘೋಷಿಸಿದರು. ಬೇರೆ ಯಾರಿಗೂ ಅದು ಕಾಣಲಿಲ್ಲ. 2006ರ ಜುಲೈಯಲ್ಲಿ ಇನ್ನೂ ದೊಡ್ಡದು 40 ಸೆಕೆಂಡಿನ ಆಸುಪಾಸಿನಲ್ಲಿ ಮುರಿಯಿತು. 2009ರದ್ದು ಕಕ್ಷೆ ಸೇರಲಿಲ್ಲ. 2012ರ ಏಪ್ರಿಲ್‌ನಲ್ಲಿ ವಿದೇಶಿ ಪತ್ರಕರ್ತರನ್ನು ಕರೆದು ತೋರಿಸಿ ಹಾರಿಸಿದ ಉಪಗ್ರಹ ರಾಕೆಟ್ ಉನ್ಹಾ-3 ಒಂದೆರಡು ನಿಮಿಷದಲ್ಲೇ ಒಡೆದುಹೋಯಿತು. ಆ ಸಲ ಸೋಲನ್ನು ಅವರೇ ಒಪ್ಪಿಕೊಂಡರು.

ಡಿಸೆಂಬರ್ 12ರ ಮರುಪ್ರಯತ್ನ ಗೆದ್ದಿತು. ನಮಗೆ ಅದಕ್ಕಿಂತ ಮುಖ್ಯವಾದ ಸಂಗತಿ, ಮೊದಲ ಹಂತ ಹಳದಿ ಸಮುದ್ರದಲ್ಲಿ ಬಿದ್ದದ್ದು ಮತ್ತು ದಕ್ಷಿಣ ಕೊರಿಯಾದ ನೌಕಾಪಡೆ ಅದನ್ನು ಮುಳುಗುಗಾರರನ್ನಿಳಿಸಿ ಎತ್ತಿದ್ದು. ಊಹೆಯ ಜಾಗಕ್ಕೆ ಲೋಹ ಬಂತು.

ಮೊದಲು ಸಿಕ್ಕಿದ್ದು ಆಮ್ಲದ ಟ್ಯಾಂಕ್: ವ್ಯಾಸ 2.4 ಮೀಟರ್, ಎತ್ತರ 7.6 ಮೀಟರ್, ಗೋಡೆಯ ದಪ್ಪ 3.8 ಮಿಲಿಮೀಟರ್, ಸುಮಾರು 48 ಟನ್ ಹಿಡಿಯುವಂಥದ್ದು. ಅಲ್ಯೂಮಿನಿಯಂ–ಮೆಗ್ನೀಷಿಯಂ ಮಿಶ್ರಲೋಹದ ಹಾಳೆಗಳನ್ನು ಕೈಯಿಂದ ಬೆಸೆದಿದ್ದರು, ಬೆಸುಗೆ ಒರಟಾಗಿತ್ತು. ಒಳಗಿದ್ದ ದ್ರವದ ಪಸೆ ಪರೀಕ್ಷಿಸಿದಾಗ ಹೊಗೆಯಾಡುವ ನೈಟ್ರಿಕ್ ಆಮ್ಲವೇ ಎಂದು ತಿಳಿಯಿತು. ಆಮೇಲೆ ಎಂಜಿನ್ ಭಾಗಗಳು ಬಂದವು. ನಾಲ್ಕು ನೊಡೊಂಗ್ ಎಂಜಿನ್‌ಗಳ ಗುಂಪು, ದಿಕ್ಕು ತಿದ್ದಲು ಗ್ರಾಫೈಟ್ ಅಲಗಿನ ಬದಲು ನಾಲ್ಕು ಸಣ್ಣ ಎಂಜಿನ್‌ಗಳು, ಒಟ್ಟು ನೂಕುಬಲ ಸುಮಾರು 120 ಟನ್. ಒತ್ತಡ ಅಳೆಯುವ, ತಾಪ ಅಳೆಯುವ ಸಾಧನಗಳು, ವಿದ್ಯುತ್ ಪರಿವರ್ತಕಗಳು ಮಾತ್ರ ಹೊರಗಿನವು. ವಿಶ್ವಸಂಸ್ಥೆಯ ತಜ್ಞರ ಸಮಿತಿ ಅವುಗಳ ಜಾಡು ಹಿಡಿದಾಗ ಬ್ರಿಟನ್, ಸ್ವಿಟ್ಜರ್ಲೆಂಡ್, ಅಮೆರಿಕ, ಚೀನಾ ಮುಂತಾದ ದೇಶಗಳ ಹೆಸರು ಬಂತು, ಹಳೆಯ ಸೋವಿಯತ್ ಭಾಗಗಳೂ ಇದ್ದವು. ಹೆಚ್ಚಿನವು ನಿಷೇಧದ ಪಟ್ಟಿಯಲ್ಲಿ ಇಲ್ಲದ, ಅಂಗಡಿಯಲ್ಲಿ ಸಿಗುವ ಸಾಮಾನು.

ಅಲ್ಲಿಗೆ ಸ್ಕಡ್ ವಂಶದ ಮಿತಿಯೂ ಗೊತ್ತಾಯಿತು. ಸೀಮೆಎಣ್ಣೆ–ಆಮ್ಲದ ಜೋಡಿಯಿಂದ ಖಂಡಾಂತರ ಕ್ಷಿಪಣಿ ಮಾಡಿದರೆ ಅದು ಉನ್ಹಾದಷ್ಟೇ ದೈತ್ಯವಾಗಿರುತ್ತದೆ. ಗೋಪುರದಲ್ಲಿ ನಿಲ್ಲಿಸಿ ದಿನಗಟ್ಟಲೆ ಸಿದ್ಧಪಡಿಸಬೇಕು, ಶತ್ರು ಅದನ್ನು ಮೇಲಿಂದ ನೋಡುತ್ತಲೇ ಇರುತ್ತಾನೆ. ಲಾರಿಯ ಮೇಲೆ ಹೊರುವ ಖಂಡಾಂತರ ಕ್ಷಿಪಣಿಗೆ ಹೆಚ್ಚು ಕಸುವಿನ ಇಂಧನ ಬೇಕು.

ಸೋತ ಎಂಜಿನ್

ಆ ಇಂಧನ ಯುಡಿಎಂಎಚ್ ಎಂಬ ಹೈಡ್ರಜೀನ್ ಜಾತಿಯ ದ್ರವ. ಜೊತೆಗೆ, ಆಮ್ಲದ ಜಾಗದಲ್ಲಿ, ನೈಟ್ರೋಜನ್ ಟೆಟ್ರಾಕ್ಸೈಡ್. ಇವೆರಡು ಮುಟ್ಟಿದೊಡನೆ ತಾವೇ ಹೊತ್ತಿಕೊಳ್ಳುತ್ತವೆ. ಇದೇ ಜೋಡಿ ಬಳಸುವ ಸೋವಿಯತ್ ಎಂಜಿನ್‌ಗಳಲ್ಲಿ ಪ್ರತಿ ಕಿಲೋಗೆ ಸಿಗುವ ತಳ್ಳು ಸ್ಕಡ್‌ಗಿಂತ ಐದನೇ ಒಂದು ಪಾಲಿನಷ್ಟು ಹೆಚ್ಚು. ಕೇಳಲು ಸಣ್ಣದು. ರಾಕೆಟ್ ಲೆಕ್ಕದಲ್ಲಿ ಅದು ಘಾತದಲ್ಲಿ ಕೂರುವ ಸಂಖ್ಯೆ, ಆದ್ದರಿಂದ ದೂರ ಹೆಚ್ಚಿದಂತೆಲ್ಲ ಕ್ಷಿಪಣಿಯ ಗಾತ್ರದಲ್ಲಿ ಭಾರಿ ಉಳಿತಾಯ.

ಉತ್ತರ ಕೊರಿಯಾ ಆರಿಸಿಕೊಂಡದ್ದು ಆರ್-27. 1968ರಲ್ಲಿ ಸೇವೆಗೆ ಬಂದ ಸೋವಿಯತ್ ಜಲಾಂತರ್ಗಾಮಿ ಕ್ಷಿಪಣಿ, ಮತ್ತೆ ಮಕೆಯೆವ್ ಸಂಸ್ಥೆಯದೇ. ಸೋವಿಯತ್ ಒಕ್ಕೂಟ ಕುಸಿದಾಗ ಆ ಸಂಸ್ಥೆಯ ಎಂಜಿನಿಯರುಗಳಿಗೆ ಸಂಬಳವಿರಲಿಲ್ಲ. 1992ರಲ್ಲಿ ಅವರಲ್ಲಿ ಹಲವರು ಕುಟುಂಬ ಸಮೇತ ಪ್ಯಾಂಗ್ಯಾಂಗ್‌ಗೆ ಹೊರಟಾಗ ರಷ್ಯಾದ ಅಧಿಕಾರಿಗಳು ಮಾಸ್ಕೊದ ಶೆರೆಮೆತ್ಯೆವೊ ವಿಮಾನ ನಿಲ್ದಾಣದಲ್ಲೇ ತಡೆದರು. ತಡೆದವರ ಲೆಕ್ಕ ಸಿಕ್ಕಿದೆ, ಅದಕ್ಕೆ ಮೊದಲೋ ಆಮೇಲೋ ದಾಟಿದವರು ಇದ್ದರೆಂದು ಈ ವಿಷಯ ಬಲ್ಲವರೆಲ್ಲ ನಂಬುತ್ತಾರೆ. ಆರ್-27ರ ಸಣ್ಣ ಎಂಜಿನ್‌ಗಳು ಉತ್ತರ ಕೊರಿಯಾದ ಗಿರಾಕಿಯಾದ ಇರಾನಿನ ಸಫೀರ್ ರಾಕೆಟ್‌ನ ಎರಡನೇ ಹಂತದಲ್ಲಿ ಕಾಣಿಸಿಕೊಂಡದ್ದು ಆ ನಂಬಿಕೆಗೆ ಪುಷ್ಟಿ ಕೊಟ್ಟಿತು.

ಈ ಎಂಜಿನ್ ಹಿಡಿದು ಮಾಡಿದ ಮುಸುಡಾನ್ ಕ್ಷಿಪಣಿಯನ್ನು 2010ರ ಅಕ್ಟೋಬರ್ ಮೆರವಣಿಗೆಯಲ್ಲಿ ತೋರಿಸಿದರು. ಅಲ್ಲಿಯ ತನಕ ಒಂದು ಹಾರಾಟವೂ ಆಗಿರಲಿಲ್ಲ. 2016ರಲ್ಲಿ, ಏಪ್ರಿಲ್ 15ರಿಂದ ಅಕ್ಟೋಬರ್ 20ರ ನಡುವೆ, ದಕ್ಷಿಣ ಕೊರಿಯಾ ಮತ್ತು ಅಮೆರಿಕ ಮುಸುಡಾನ್ ಎಂದು ಗುರುತಿಸಿದ ಎಂಟು ಉಡಾವಣೆಗಳು ನಡೆದವು. ಗೆದ್ದದ್ದು ಒಂದೇ, ಜೂನ್ 22ರ ಎರಡನೆಯದು. ಅದು 1,400 ಕಿ.ಮೀ. ಎತ್ತರಕ್ಕೆ ಏರಿ 400 ಕಿ.ಮೀ. ಆಚೆ ಬಿತ್ತು. ಉಳಿದವುಗಳಲ್ಲಿ ಕೆಲವು ವಾಹನದ ಹತ್ತಿರವೇ ಸಿಡಿದವು.

ಯಾಕೆ ಸೋತಿತು? ಆರ್-27ರ ಎಂಜಿನ್ ಜಲಾಂತರ್ಗಾಮಿಯ ಗಿಡ್ಡ ಕೊಳವೆಗೆಂದು ಮಾಡಿದ್ದು. ಉದ್ದ ಉಳಿಸಲು ಎಂಜಿನ್ನನ್ನು ಇಂಧನದ ಟ್ಯಾಂಕ್‌ನೊಳಗೇ ಮುಳುಗಿಸಿಟ್ಟಿದ್ದಾರೆ. ಎಂಜಿನ್‌ಗೆ ಏನಾದರೂ ಆದರೆ ಸುತ್ತ ಇರುವುದು ಇಂಧನವೇ. ಎರಡನೆಯದಾಗಿ, ಪಂಪ್ ತಿರುಗಿಸಿದ ಅನಿಲವನ್ನು ಹೊರಗೆ ಬಿಡದೆ ಮತ್ತೆ ದಹನ ಕೊಠಡಿಗೇ ಕಳಿಸುವ ಮುಚ್ಚಿದ ಚಕ್ರ ಅದರದು. ದಕ್ಷತೆ ಹೆಚ್ಚು, ಒಳಗಿನ ಒತ್ತಡವೂ ಹೆಚ್ಚು, ಬೇರಿಂಗ್‌ನಲ್ಲೋ ಸೀಲ್‌ನಲ್ಲೋ ಸಣ್ಣ ದೋಷವಿದ್ದರೂ ಕ್ಷಮೆಯಿಲ್ಲ. ಮೂರನೆಯದಾಗಿ, ಕೊರಿಯಾದವರು ಕ್ಷಿಪಣಿಯ ಉದ್ದವನ್ನು ಹತ್ತು ಮೀಟರ್‌ನ ಆಸುಪಾಸಿನಿಂದ ಹನ್ನೆರಡಕ್ಕೆ ಹಿಗ್ಗಿಸಿ, ಅದನ್ನು ಹೊಂಡ ಬಿದ್ದ ರಸ್ತೆಗಳಲ್ಲಿ ಲಾರಿಯ ಮೇಲೆ ಓಡಿಸಿದರು. ತಾಪ ಕಾಯ್ದಿಟ್ಟ ಜಲಾಂತರ್ಗಾಮಿಯ ಕೊಳವೆಯಲ್ಲಿ ನಿಂತಿರಬೇಕಾದ ವಸ್ತುವಿಗೆ ಅದು ಹೇಳಿದ ಬಾಳಲ್ಲ. ಹಾರಾಟ ಸ್ಥಿರವಾಗಲೆಂದು ಬುಡಕ್ಕೆ ಜಾಲರಿ ರೆಕ್ಕೆ ಕಟ್ಟಿದ್ದೂ ಜೂನ್ ಹೊತ್ತಿಗೆ ಚಿತ್ರಗಳಲ್ಲಿ ಕಂಡಿತು.

ಹೊರಗಿನಿಂದ ತಂದರೆ ಸಾಕು, ಕ್ಷಿಪಣಿ ಸಿಕ್ಕಿದಂತೆಯೇ ಎನ್ನುವವರಿಗೆ ಮುಸುಡಾನ್‌ಗಿಂತ ಗಟ್ಟಿಯಾದ ಉತ್ತರವಿಲ್ಲ. ತಂದಿಟ್ಟುಕೊಂಡು ಇಪ್ಪತ್ತು ವರ್ಷ ಕಳೆದರೂ ಅದು ಒಗ್ಗಲಿಲ್ಲ. 2016ರ ನಂತರ ಅದು ಹಾರಿದ್ದು ಕಾಣಿಸಿಲ್ಲ.

2017

ಅದೇ 2016ರ ಸೆಪ್ಟೆಂಬರ್‌ನಲ್ಲಿ ಸೊಹೆ ಉಡಾವಣಾ ಕೇಂದ್ರದಲ್ಲಿ 80 ಟನ್ ನೂಕುಬಲದ ಹೊಸ ಎಂಜಿನ್ ಉರಿಸಿದ್ದಾಗಿ ಪ್ರಕಟಿಸಿದರು. 2017ರ ಮಾರ್ಚ್ 18ರಂದು ಅದರ ಕ್ಷಿಪಣಿ ರೂಪವನ್ನು, ನಾಲ್ಕು ಸಣ್ಣ ದಿಕ್ಕುತಿದ್ದು ಎಂಜಿನ್‌ಗಳ ಜೊತೆ, ಮತ್ತೆ ಉರಿಸಿದರು. ಎರಡೇ ತಿಂಗಳಲ್ಲಿ, ಮೇ 14ಕ್ಕೆ, ಹ್ವಾಸೊಂಗ್-12 ಹಾರಿತು. ಜುಲೈಯಲ್ಲಿ ಹ್ವಾಸೊಂಗ್-14 ಎರಡು ಸಲ. ನವೆಂಬರ್ 29ಕ್ಕೆ ಹ್ವಾಸೊಂಗ್-15. ಈ ವೇಗಕ್ಕೆ ಜಗತ್ತು ಬೆರಗಾಯಿತು.

ಕ್ಷಿಪಣಿ ತಜ್ಞ ಮೈಕೆಲ್ ಎಲ್ಲೆಮನ್ ಆ ಆಗಸ್ಟ್‌ನಲ್ಲಿ ಚಿತ್ರಗಳನ್ನಿಟ್ಟು ಹೇಳಿದ್ದು ಇದು: ಎಂಜಿನ್ ಆರ್‌ಡಿ-250 ಕುಟುಂಬದ್ದು. ವಲೆಂಟಿನ್ ಗ್ಲುಷ್ಕೊ ಅವರ ಸಂಸ್ಥೆ ಸೋವಿಯತ್‌ನ ಆರ್-36 ಖಂಡಾಂತರ ಕ್ಷಿಪಣಿಗೆಂದು ರೂಪಿಸಿದ, ಉಕ್ರೇನಿನ ದ್ನಿಪ್ರೊ ನಗರದ ಯುಜ್‌ಮಾಷ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಎಂಜಿನ್. ಮೂಲದಲ್ಲಿ ಒಂದು ಪಂಪ್‌ಗೆ ಎರಡು ದಹನ ಕೊಠಡಿ. ಹ್ವಾಸೊಂಗ್-12 ಮತ್ತು 14ರಲ್ಲಿ ಒಂದೇ ಕೊಠಡಿ, 15ರಲ್ಲಿ ಎರಡೂ. ಉಕ್ರೇನ್ ಸರ್ಕಾರ ಮತ್ತು ಕಾರ್ಖಾನೆ ತಮ್ಮಿಂದ ಏನೂ ಹೋಗಿಲ್ಲ ಎಂದವು. ದ್ನಿಪ್ರೊದ ವಿನ್ಯಾಸ ಸಂಸ್ಥೆಯ ರಹಸ್ಯ ದಾಖಲೆಗಳಿಗೆ ಕೈಹಾಕಿದ ಇಬ್ಬರು ಉತ್ತರ ಕೊರಿಯನ್ನರು 2011ರಲ್ಲಿ ಉಕ್ರೇನಿನಲ್ಲೇ ಸಿಕ್ಕಿಬಿದ್ದು ಶಿಕ್ಷೆ ಅನುಭವಿಸಿದ್ದೂ ನಿಜ. ಹೋದದ್ದು ಎಂಜಿನ್ನೋ, ನಕ್ಷೆಯೋ, ಕೆಲಸ ಬಲ್ಲವರೋ ಎಂಬುದರಲ್ಲಿ ಒಮ್ಮತವಿಲ್ಲ. ಅಮೆರಿಕದ ಗುಪ್ತಚರ ಅಧಿಕಾರಿಗಳು ಮಾತ್ರ ಇವರು ಈಗ ಎಂಜಿನ್ ಸ್ವತಃ ಮಾಡಬಲ್ಲರು ಎಂದೇ ಆಗ ಹೇಳಿದರು.

ಗಮನಿಸಬೇಕಾದ ತಾಂತ್ರಿಕ ಅಂಶ ಒಂದಿದೆ. ಆರ್‌ಡಿ-250 ತೆರೆದ ಚಕ್ರದ್ದು. ಪಂಪ್ ತಿರುಗಿಸಿದ ಅನಿಲವನ್ನು ಪಕ್ಕದ ಕೊಳವೆಯಿಂದ ಹೊರಗೆ ಬಿಡುತ್ತದೆ. ಸ್ವಲ್ಪ ಇಂಧನ ನಷ್ಟ, ಆದರೆ ಒಳಗಿನ ಒತ್ತಡ ತಗ್ಗು, ತಪ್ಪಿಗೆ ಜಾಗ ಹೆಚ್ಚು. ಸ್ಕಡ್‌ನ ಎಂಜಿನ್ ಕೂಡ ತೆರೆದ ಚಕ್ರದ್ದೇ. ಮೂವತ್ತು ವರ್ಷ ಕೈಗೆ ಅಭ್ಯಾಸವಾಗಿದ್ದ ಕೆಲಸಕ್ಕೆ ಹತ್ತಿರದ ಎಂಜಿನ್ ಸಿಕ್ಕಿತು, ಅದಕ್ಕೇ ಇದು ಮುಸುಡಾನ್‌ನಂತೆ ಕೈಕೊಡಲಿಲ್ಲ ಎಂಬುದು ನನ್ನ ತಿಳಿವಳಿಕೆ. ಇದರ ಆರಂಭವೂ ಸಲೀಸಾಗಿರಲಿಲ್ಲ. 2017ರ ಏಪ್ರಿಲ್‌ನ ಮೂರು ಸೋಲುಗಳು ಇದೇ ಕ್ಷಿಪಣಿಯವು ಎಂದು ಆಮೇಲೆ ಲೆಕ್ಕ ಹಾಕಲಾಯಿತು. ಅದರಲ್ಲೊಂದು ಅವರದೇ ಟೋಕ್‌ಚೋನ್ ಪಟ್ಟಣದ ಮೇಲೆ ಬಿತ್ತು.

ದೂರದ ಲೆಕ್ಕವನ್ನು ಪತ್ರಿಕೆಗಳು ಹೇಗೆ ಕೊಡುತ್ತವೆ ಎಂದು ಹಲವರು ಕೇಳುತ್ತಾರೆ. ಹ್ವಾಸೊಂಗ್-15 ಬಿದ್ದದ್ದು 950 ಕಿ.ಮೀ. ಆಚೆ, ವ್ಯಾಪ್ತಿ ಹೇಳುವುದು 13,000. ಇದು ಬಿಡಿಸಲಾಗದ ಒಗಟಲ್ಲ. ನೆರೆ ದೇಶಗಳ ಮೇಲೆ ಹಾಯದಿರಲು ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೆ ಹಾರಿಸುತ್ತಾರೆ. ಎತ್ತರ ಗೊತ್ತಾದರೆ ವೇಗ ಗೊತ್ತಾಗುತ್ತದೆ. ಏರಿದ ಎತ್ತರ 4,475 ಕಿ.ಮೀ. ಅದನ್ನು ಭೂಮಿಯ ತ್ರಿಜ್ಯ 6,371ರಿಂದ ಗುಣಿಸಿ, ತ್ರಿಜ್ಯ ಮತ್ತು ಎತ್ತರದ ಮೊತ್ತ 10,846ರಿಂದ ಭಾಗಿಸಿ. ಸುಮಾರು 2,629 ಬರುತ್ತದೆ. ಅದನ್ನು ಗುರುತ್ವದ ಇಮ್ಮಡಿ, ಅಂದರೆ 0.01962ರಿಂದ ಗುಣಿಸಿದರೆ 51.6. ಅದರ ವರ್ಗಮೂಲ 7.2. ಎಂಜಿನ್ ಆರಿದ ಎತ್ತರ, ಅಡ್ಡವೇಗ, ಗಾಳಿಯ ಎಳೆತ ಇವನ್ನು ಬಿಟ್ಟ ಒರಟು ಲೆಕ್ಕ ಇದು, ಆದರೂ ಸೆಕೆಂಡಿಗೆ 7 ಕಿ.ಮೀ. ಮೀರಿದ ವೇಗ ಎಂದರೆ ಖಂಡಾಂತರ ವೇಗ. ಅದೇ ಲೆಕ್ಕವನ್ನು ಹ್ವಾಸೊಂಗ್-12ರ 2,111 ಕಿ.ಮೀ. ಎತ್ತರಕ್ಕೆ ಮಾಡಿ, 5.6 ಬರುತ್ತದೆ: ಗುವಾಮ್ ದ್ವೀಪ ಮುಟ್ಟುತ್ತದೆ, ಅಮೆರಿಕದ ಮುಖ್ಯಭೂಮಿ ಮುಟ್ಟುವುದಿಲ್ಲ. ಮೋಸ ಹೋಗುವ ಜಾಗ ತೂಕದಲ್ಲಿದೆ. ತುದಿಯಲ್ಲಿ ಹಗುರ ಡಮ್ಮಿ ಇಟ್ಟರೆ ಎತ್ತರ ತಾನಾಗಿ ಹೆಚ್ಚುತ್ತದೆ. ನಿಜವಾದ ಅಣುಸಿಡಿತಲೆಯ ತೂಕಕ್ಕೆ 13,000 ಎಂಬ ಸಂಖ್ಯೆ ನಿಲ್ಲುತ್ತದೆಯೇ ಎಂಬುದನ್ನು ರಾಡಾರ್ ಹೇಳುವುದಿಲ್ಲ.

ಘನ ಇಂಧನ, ಲಾರಿ, ಚಿಪ್

ಘನ ಇಂಧನದ ಸಾಲಿನಲ್ಲಿ ಹೊರಗಿನ ಬೇರು ತೆಳು. 1990ರ ದಶಕದಲ್ಲಿ ಸಿರಿಯಾ ಮೂಲಕ ಬಂದಿತೆನ್ನಲಾದ ಸೋವಿಯತ್‌ನ ತೋಚ್ಕಾ ಕಿರು ಕ್ಷಿಪಣಿಯಿಂದ ಶುರು. ಜಲಾಂತರ್ಗಾಮಿಗೆಂದು ಮೊದಲು ದ್ರವ ಇಂಧನ ಪ್ರಯತ್ನಿಸಿ ಸೋತು, 2016ರಲ್ಲಿ ಘನಕ್ಕೆ ಹೊರಳಿದರು. ಆಗಸ್ಟ್ 24ರಂದು ಪುಕ್‌ಗುಕ್‌ಸೊಂಗ್-1 ಸುಮಾರು 500 ಕಿ.ಮೀ. ಹಾರಿತು. 2022ರ ಡಿಸೆಂಬರ್‌ನಲ್ಲಿ 140 ಟನ್ ನೂಕುಬಲದ ಮೋಟಾರ್, 2023ರ ಏಪ್ರಿಲ್ 13ಕ್ಕೆ ಮೂರು ಹಂತದ ಹ್ವಾಸೊಂಗ್-18, 2024ರ ಅಕ್ಟೋಬರ್ 31ಕ್ಕೆ 7,687 ಕಿ.ಮೀ. ಎತ್ತರ ಏರಿದ ಹ್ವಾಸೊಂಗ್-19. ಹ್ವಾಸೊಂಗ್-18 ರಷ್ಯಾದ ತೋಪೋಲ್-ಎಂ ಅನ್ನು ಹೋಲುತ್ತದೆಂದು ಕೆಲವರು ಅದನ್ನು ರಷ್ಯಾದ ಕೊಡುಗೆ ಎಂದರು. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಚಿಕ್ಕ ಮೋಟಾರಿನಿಂದ ದೊಡ್ಡದಕ್ಕೆ ಏಳೆಂಟು ವರ್ಷ ಮೆಟ್ಟಿಲು ಹತ್ತಿದ ದಾಖಲೆ ಕಣ್ಣಮುಂದಿದೆ. ಇಂಧನದ ಅಚ್ಚಿನಲ್ಲಿ ಬಿರುಕೋ ಗಾಳಿಗುಳ್ಳೆಯೋ ಉಳಿದರೆ ಅಲ್ಲಿ ಉರಿ ಒಮ್ಮೆಗೇ ಹಬ್ಬಿ ಮೋಟಾರ್ ಸಿಡಿಯುತ್ತದೆ. ಗಾತ್ರ ಹೆಚ್ಚಿದಷ್ಟೂ ಆ ಅಪಾಯ ಹೆಚ್ಚು. ಮೆಟ್ಟಿಲು ಹತ್ತದೆ ಅದನ್ನು ಗೆಲ್ಲಲಾಗದು.

ಲಾರಿಗಳ ವಿಷಯ ಚಿಕ್ಕದು, ಆದರೆ ಮುಖ್ಯ. 2011ರಲ್ಲಿ ಚೀನಾದ ಹುಬೇ ಪ್ರಾಂತ್ಯದ ಕಂಪನಿಯೊಂದರಿಂದ ಎಂಟು ಅಚ್ಚಿನ (ಆಕ್ಸಲ್‌ನ) ಆರು ಭಾರಿ ವಾಹನಗಳು ಬಂದವು. ಮರದ ದಿಮ್ಮಿ ಸಾಗಿಸಲು ಎಂದು ಕಾಗದದಲ್ಲಿ ಬರೆದಿತ್ತು. ಮರುವರ್ಷ ಮೆರವಣಿಗೆಯಲ್ಲಿ ಅವುಗಳ ಮೇಲೆ ಕ್ಷಿಪಣಿ ಇತ್ತು. ಹ್ವಾಸೊಂಗ್-15ಕ್ಕೆ ಒಂಬತ್ತು, ಹ್ವಾಸೊಂಗ್-17ಕ್ಕೆ ಹನ್ನೊಂದು ಅಚ್ಚಿನ ವಾಹನಗಳು ಕಂಡವು. ಆರಕ್ಕಿಂತ ಹೆಚ್ಚು ವಾಹನ ಕಂಡ ದಿನ, ಅವನ್ನೂ ಅವರೇ ಕಟ್ಟಲು ಕಲಿತರು ಎಂದು ತಿಳಿಯಿತು.

2024ರ ಜನವರಿ 2ರಂದು ಉಕ್ರೇನಿನ ಖಾರ್ಕಿವ್ ಮೇಲೆ ರಷ್ಯಾ ಹಾರಿಸಿದ ಕ್ಷಿಪಣಿಯೊಂದರ ಅವಶೇಷ ಉತ್ತರ ಕೊರಿಯಾದ್ದೆಂದು ಗೊತ್ತಾಯಿತು. ಯುದ್ಧಭೂಮಿಯ ಅಸ್ತ್ರಗಳ ಮೂಲ ಹುಡುಕುವ ಕಾನ್‌ಫ್ಲಿಕ್ಟ್ ಆರ್ಮಮೆಂಟ್ ರಿಸರ್ಚ್ ಸಂಸ್ಥೆ ಅದರಲ್ಲಿ 290 ವಿದೇಶಿ ಎಲೆಕ್ಟ್ರಾನಿಕ್ ಭಾಗಗಳನ್ನು ಎಣಿಸಿತು. ಮುಕ್ಕಾಲು ಪಾಲು ಅಮೆರಿಕದ ಕಂಪನಿಗಳ ಹೆಸರು ಹೊತ್ತವು. ಗುರುತುಗಳ ಪ್ರಕಾರ ಆ ಕ್ಷಿಪಣಿ ಜೋಡಣೆಯಾದದ್ದು 2023ರ ಮಾರ್ಚ್‌ಗಿಂತ ಮುಂಚೆ ಅಲ್ಲ. ಅಷ್ಟು ನಿರ್ಬಂಧಗಳ ನಡುವೆ ಹೊಸ ಚಿಪ್ ತಿಂಗಳುಗಳಲ್ಲಿ ಅಲ್ಲಿಗೆ ತಲುಪುತ್ತಿದೆ. ಇದನ್ನು ಓದಿ ಸುಮ್ಮನಿರುವುದು ಕಷ್ಟ: ಆ ಚಿಪ್ ಮಾರಿದ ಅಂಗಡಿಯವರಿಗೂ ಖಾರ್ಕಿವ್‌ನ ಬೀದಿಗೂ ನಡುವೆ ನಾಲ್ಕೈದು ರಸೀದಿಗಳಷ್ಟೇ ಅಂತರ.

ಸಭೆಯಿಂದ ಬಂದ ಎರಡು ಪ್ರಶ್ನೆಗಳು

ಭಾರತದ ಕ್ಷಿಪಣಿಗಳಿಗೂ ಇಂಥ ಮೂಲ ಇಲ್ಲವೇ ಎಂದು ಒಬ್ಬರು ಕೇಳಿದರು. ಇದೆ, ಅದನ್ನು ಮುಚ್ಚಿಡಬೇಕಾದ್ದಿಲ್ಲ. 1970ರ ದಶಕದಲ್ಲಿ ಹೈದರಾಬಾದಿನ ರಕ್ಷಣಾ ಪ್ರಯೋಗಾಲಯ ಡಿಆರ್‌ಡಿಎಲ್‌ನಲ್ಲಿ ಸೋವಿಯತ್‌ನ ಎಸ್ಎ-2 ವಿಮಾನನಿರೋಧಕ ಕ್ಷಿಪಣಿಯನ್ನು ಬಿಚ್ಚಿ ಕಲಿಯುವ ಪ್ರಾಜೆಕ್ಟ್ ಡೆವಿಲ್ ನಡೆಯಿತು. ಕ್ಷಿಪಣಿಯಾಗಿ ಅದು ಗೆಲ್ಲಲಿಲ್ಲ. ಅಲ್ಲಿ ಕಲಿತ ಎಂಜಿನ್ 1988ರ ಫೆಬ್ರುವರಿ 25ರಂದು ಹಾರಿದ ಪೃಥ್ವಿಯಲ್ಲಿ ಉರಿಯಿತು. 1989ರ ಮೇ 22ರ ಮೊದಲ ಅಗ್ನಿಯಲ್ಲಿ ಕೆಳಗೆ ಇಸ್ರೊದ ಉಪಗ್ರಹ ರಾಕೆಟ್ ಎಸ್ಎಲ್‌ವಿ-3ರ ಘನ ಹಂತ, ಮೇಲೆ ಪೃಥ್ವಿಯ ದ್ರವ ಹಂತ ಇತ್ತು. ಆಮೇಲಿನ ಅಗ್ನಿಗಳಲ್ಲಿ ಆ ದ್ರವ ಹಂತವನ್ನೇ ಕೈಬಿಟ್ಟರು.

ಇನ್ನೊಂದು ಪ್ರಶ್ನೆ, ಉತ್ತರ ಕೊರಿಯಾ ಇನ್ನೂ ಏನನ್ನು ಸಾಬೀತು ಮಾಡಬೇಕು ಎಂಬುದು. ವಾತಾವರಣಕ್ಕೆ ಮರಳುವ ಸಿಡಿತಲೆಯ ಕವಚ. ನೆಟ್ಟಗೆ ಬೀಳುವಾಗ ಬಿಸಿ ಉಗ್ರವಾಗಿರುತ್ತದೆ, ಆದರೆ ಬೇಗ ಮುಗಿಯುತ್ತದೆ. 10,000 ಕಿ.ಮೀ. ದಾರಿಯ ತುದಿಯಲ್ಲಿ ಓರೆಯಾಗಿ ಬರುವಾಗ ಕವಚ ಹೆಚ್ಚು ಹೊತ್ತು ಸುಡಬೇಕು, ಒಂದೇ ಸಮನಾಗಿ ಸವೆಯಬೇಕು. ಒಂದು ಮಗ್ಗುಲು ಹೆಚ್ಚು ಸವೆದರೆ ಸಿಡಿತಲೆ ಉರುಳಿ ದಾರಿ ತಪ್ಪುತ್ತದೆ ಅಥವಾ ಒಡೆಯುತ್ತದೆ. ಇದಕ್ಕೆ ಎತ್ತರದ ಹಾರಾಟ ಎಷ್ಟಾದರೂ ಸಾಕ್ಷಿಯಾಗದು. ಶಾಂತಸಾಗರದ ನಡುಮಧ್ಯಕ್ಕೆ ಮಾಮೂಲಿ ಕೋನದಲ್ಲಿ ಪೂರ್ಣ ದೂರ ಹಾರಿಸಿ, ಬೀಳುವ ಜಾಗದಲ್ಲಿ ಅಳತೆಯ ಹಡಗು ನಿಲ್ಲಿಸಬೇಕು. ಅವರ ಯಾವ ಖಂಡಾಂತರ ಕ್ಷಿಪಣಿಯೂ ಈತನಕ ಹಾಗೆ ಹಾರಿಲ್ಲ.